ಖರ್ಜೂರದ ಮರದಿಂದ ನಾನು ಇಳಿಸಿದ ಮೇಪಲ್ ಸಿರಪ್

ಮೇಪಲ್ ಸಿರಪ್ ಮಾಡುವುದು ಬಹಳ ಸುಲಭ. ಮರಕ್ಕೆ ಗಾಯ ಮಾಡಬೇಕು, ಸುರಿದ ರಸವನ್ನು ಕುದಿಸಬೇಕು, ಅಷ್ಟೆ. ಹಿಮದ ನಡುವೆ ನಿಂತ ಗಡ್ಡದವನೊಬ್ಬ ಮೊಬೈಲಿನಲ್ಲಿ ಅದನ್ನು ಮಾಡಿ ತೋರಿಸಿದ. ಹೈಸ್ಕೂಲು ಪಾಸಾದವನಿಗೆ ಇದೊಂದು ಕಷ್ಟವೇ? ಮೊಮ್ಮಗಳು ದಿಯಾಳ ಪ್ಯಾನ್‌ಕೇಕಿಗೆ ಆ ಸಿರಪ್ಪೇ ಬೇಕಿತ್ತು. "ಅಜ್ಜ ಮಾಡಿ ಕೊಡ್ತಾರೆ ಮಗಾ," ಎಂದು ಘೋಷಿಸಿಬಿಟ್ಟೆ.

ಕತಾರಿನಲ್ಲಿ ಮೇಪಲ್ ಮರವಿಲ್ಲ ಎಂಬ ಸಣ್ಣ ತೊಡಕು, ಐನ್ ಖಾಲಿದ್‌ನ ನಮ್ಮ ಅಂಗಳದ ಎಳೆಯ ಖರ್ಜೂರದ ಮರವನ್ನು ಕಂಡ ಕೂಡಲೇ ಪರಿಹಾರವಾಯಿತು. ಮರ ನಮ್ಮದಲ್ಲ. ಮನೆಯೊಡೆಯ ಅಬು ನಾಸರ್ ತನ್ನ ಮಗ ಹುಟ್ಟಿದಾಗ ನೆಟ್ಟದ್ದು. ಬಾಡಿಗೆಯ ಕರಾರು ಮುಗಿಯುತ್ತ ಬಂದಿತ್ತು. ನಮ್ಮನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಆತ ಶುಕ್ರವಾರ ಬರುವವನಿದ್ದ. ಅಳಿಯ ಸಂತೋಷ ಲುಸೈಲಿನ ಆಫೀಸಿಗೆ ಹೊರಡುವಾಗಲೆಲ್ಲ ಎಚ್ಚರಿಸುತ್ತಿದ್ದ: "ಮಾವ, ಆ ಮರ ಒಂದನ್ನು ಮುಟ್ಬೇಡಿ ಆಯ್ತಾ?"

ಗುರುವಾರ ಮುಟ್ಟಿದೆ.

ಮೊದಲು ಕಾಂಡಕ್ಕೆ ಡ್ರಿಲ್ ಇಟ್ಟೆ. ನಾರು ಬಂತು, ರಸ ಬರಲಿಲ್ಲ. ಆಗ ಹಿಮದ ದೇಶವನ್ನು ಕೈಬಿಟ್ಟು ಊರನ್ನು ನೆನೆದೆ. ಈಚಲು ಮರದ ತಲೆಯ ಬುಡ ಕೆತ್ತಿ ಕಳ್ಳು ಇಳಿಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆನಲ್ಲ. ಸ್ಟೂಲು ಹತ್ತಿ, ಗರಿ ಸವರಿ, ಮೆತ್ತಗಿನ ಜಾಗ ಕೆತ್ತಿ ಬಕೆಟ್ ಕಟ್ಟಿದೆ. ರಸ ತೊಟ್ಟಿಕ್ಕತೊಡಗಿತು.

ಹೆಂಡತಿ ವಸಂತಿ ಕೆಳಗೆ ಬಂದು ನಿಂತಳು. "ಎಂತ ಮಾರಾಯ್ರೆ ಇದು? ಬಕೆಟ್ಟಿಗೆ ಸುಣ್ಣ ಬಳ್ದಿದ್ದೀರಾ?"

"ಮೇಪಲ್‌ಗೆ ಸುಣ್ಣ ಬಳಿಯುವುದಿಲ್ಲ."

"ಇದು ಮೇಪಲ್ಲಾ?"

"ತತ್ವ ಒಂದೇ."

"ಸುಣ್ಣ ಇಲ್ಲದಿದ್ರೆ ಹುಳಿ ಬರ್ತದೆ. ನಿಮ್ಮ ತತ್ವಕ್ಕೆ ಅದು ಗೊತ್ತುಂಟಾ?"

ಶುಕ್ರವಾರ ಮಧ್ಯಾಹ್ನ ಬಕೆಟ್ ಇಳಿಸಿದಾಗ ರಸ ಬಿಳಿ ನೊರೆ ಎಬ್ಬಿಸಿ ಬುಸುಗುಡುತ್ತಿತ್ತು. ಕುದಿಸಿದರೆ ಸರಿಹೋದೀತೆಂದು ಒಲೆಗಿಟ್ಟೆ. ಸರಿಹೋಗಲಿಲ್ಲ. ಇಡೀ ಮನೆ ಕಳ್ಳಿನಂಗಡಿಯಂತೆ ನಾರಿತು. ಆ ಹೊತ್ತಿಗೇ ಕರೆಗಂಟೆ ಮೊಳಗಿತು. ಅಬು ನಾಸರ್ ಬೇಗ ಬಂದಿದ್ದ.

ಈ ದೇಶದಲ್ಲಿ ಮನೆಯಲ್ಲೇ ಕಳ್ಳು ಮಾಡಿ ಸಿಕ್ಕಿಬಿದ್ದರೆ ಬಿಡಬೇಕಾಗುವುದು ಬರೀ ಬಾಡಿಗೆ ಮನೆಯನ್ನಲ್ಲ. ಅಳಿಯನ ಕೆಲಸ, ದಿಯಾಳ ಶಾಲೆ, ಎಲ್ಲವೂ ಆ ಪಾತ್ರೆಯಲ್ಲಿ ಕುದಿಯುತ್ತಿತ್ತು. ಹೊರಕೋಣೆಯಲ್ಲಿ ಸಂತೋಷ ಅತಿಥಿಗೆ ಚಹಾ ಕೊಡುತ್ತ, ಮೂಗರಳಿಸಿ ಅಡುಗೆಮನೆಯ ಕಡೆ ನೋಡಿದ. ವಸಂತಿ ಪಾತ್ರೆಯನ್ನು ಸಿಂಕಿಗೆ ಸುರಿದಳು. ನಾನು ವಾಸನೆ ಮುಚ್ಚಲು ಊದಿನ ಧೂಪ ಹಾಕಿದೆ. ಸಾಲದೆನಿಸಿ ಇನ್ನಷ್ಟು ಹಾಕಿದೆ.

ಹೊಗೆಯ ಅಲಾರಂ ಕಿರುಚಿಕೊಂಡಿತು.

ಎಲ್ಲರೂ ಅಂಗಳಕ್ಕೆ ಓಡಿದೆವು. ಓಡಿ ನಿಂತದ್ದು ಸರಿಯಾಗಿ ಆ ಮರದ ಎದುರು.

ಅಬು ನಾಸರ್ ಕೈ ಚಾಚಿ, ನಾನು ಕೆತ್ತಿದ ಜಾಗದ ಮೇಲೆ ಅಂಗೈ ಇಟ್ಟ. "ಯಾರು ಮಾಡಿದ್ದು?" ಎಂದು ಹಿಂದಿಯಲ್ಲಿ ಕೇಳಿದ. ಸಂತೋಷ ನನ್ನ ಕಡೆ ತಿರುಗಿದ.

"ನಾನು," ಎಂದೆ. "ಮೊಮ್ಮಗಳಿಗೆ ಸಿರಪ್ ಮಾಡಲು ಹೋದೆ. ಅದು ಕಳ್ಳಾಯಿತು. ಇವರ್ಯಾರೂ ಇದಕ್ಕೆ ಸೇರಿಲ್ಲ. ಕಳಿಸುವುದಾದರೆ ನನ್ನೊಬ್ಬನನ್ನೇ ಕಳಿಸಿ."

ಆತ ಮರದ ಗಾಯವನ್ನು ಬೆರಳಿನಿಂದ ತಡವಿ ನೋಡಿದ. ಅಷ್ಟರಲ್ಲಿ ಅಲಾರಂ ನಿಂತಿತು.

"ಬಾಬಾ," ಎಂದ ಕೊನೆಗೆ, "ನಾವೂ ಸಿರಪ್ ಮಾಡ್ತೇವೆ. ಹಣ್ಣಿನಿಂದ. ಕುತ್ತಿಗೆ ಕೊಯ್ದು ಅಲ್ಲ. ಹೊಸ ಗರಿ ಬಂದರೆ ನೀವು ಇರಿ. ಬರದಿದ್ದರೆ ಖಲಾಸ್."

ಅಂದಿನಿಂದ ದಿನಾ ಬೆಳಿಗ್ಗೆ ದೇವರ ಮುಖಕ್ಕಿಂತ ಮೊದಲು ಮರದ ತಲೆ ನೋಡತೊಡಗಿದೆ. ಅಳಿಯ ನನ್ನೊಂದಿಗೆ ಮಾತು ಬಿಟ್ಟ. ಮಗಳು ಡ್ರಿಲ್ ಬಚ್ಚಿಟ್ಟಳು. ವಸಂತಿ ಮಾತ್ರ ಆಗಾಗ, "ನಿಮ್ಮ ತತ್ವ ಚಿಗುರಿತಾ?" ಎಂದು ವಿಚಾರಿಸುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ನಡುವಿನಲ್ಲಿ ಹಸಿರು ಮೊನೆ ಕಂಡಿತು. ಕರಾರು ಮುಂದುವರಿಯಿತು.

ಈಗ ಅಬು ನಾಸರ್ ಬಂದಾಗಲೆಲ್ಲ ತನ್ನ ತಾಯಿ ಮಾಡಿದ ಖರ್ಜೂರದ ಸಿರಪ್ ತಂದು ದಿಯಾಳಿಗೆ ಕೊಡುತ್ತಾನೆ. ಮೇಪಲ್ಲಿಗಿಂತ ಇದೇ ಚೆಂದ ಎನ್ನುತ್ತಾಳೆ ಅವಳು. ಆಮೇಲೆ ಆತ ಮರದ ಯೋಗಕ್ಷೇಮ ನೋಡುತ್ತಾನೆ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗುತ್ತಾನೆ. ಮುಖ ನೋಡುವುದಿಲ್ಲ, ಕೈಯಲ್ಲಿ ಏನಿದೆ ಎಂದು ನೋಡುತ್ತಾನೆ.