ಮಾವನ ಹೆಬ್ಬಾವಿನ ಅಳತೆ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಗೋಡೆಗಳನ್ನು. ಮನುಷ್ಯರ ಸರದಿ ಆಮೇಲೆ! ಮೃಗಾಲಯದ ಹಾವಿನ ವಿಭಾಗದಲ್ಲಿ ದುಡಿದು, ನಿವೃತ್ತನಾಗಿ ಮದ್ದೂರು ಸೇರಿದ್ದಾನೆ. ಗೂಡು ಎಷ್ಟಗಲ ಇದ್ದರೆ ಹಾವು ಉಣ್ಣುತ್ತದೆ, ಎಷ್ಟಿದ್ದರೆ ಮೊಟ್ಟೆಯಿಡುತ್ತದೆ ಎಂಬ ಅವನ ಚಿಂತೆಗೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ಮೃಗಾಲಯದಲ್ಲಿದ್ದ ಹೆಬ್ಬಾವೊಂದಕ್ಕೆ ವಿಶಾಲವಾದ ಗಾಜಿನ ಕೋಣೆ ಕಟ್ಟಿಸಿದರಂತೆ. ಒಳಗೆ ಬಿಟ್ಟದ್ದೇ ತಡ, ಹಾವು ಊಟ ನಿಲ್ಲಿಸಿತು. ಮಾವ ಒಡಕು ಮಣ್ಣಿನ ಬಾನಿಯೊಂದನ್ನು ತಂದು ಮೂಲೆಯಲ್ಲಿ ಬೋರಲು ಹಾಕಿದ. ಹಾವು ಅದರಡಿ ಸುತ್ತಿಕೊಂಡು ನೆಮ್ಮದಿಯಾಗಿ ಇಲಿ ನುಂಗಿತು. ನೋಡಲು ಬಂದವರಿಗೆ ಕಾಣುತ್ತಿದ್ದದ್ದು ಬಾನಿ ಮಾತ್ರ! ಆದರೆ ಜೋಡಿ ಮಾಡುವ ಕಾಲ ಬಂದಾಗ ಇದೇ ಮಾವ ಅಡ್ಡಗೋಡೆ ತೆಗೆಸಿ ಜಾಗ ಹೆಚ್ಚಿಸಿದ. ಮೊಟ್ಟೆಗಳೂ ಬಂದವು.

ಈ ಅಳತೆಯನ್ನು ಹಾವುಗಳಿಗಷ್ಟೇ ಇಟ್ಟುಕೊಂಡಿದ್ದರೆ ಯಾರಿಗೇನು ತೊಂದರೆಯಿತ್ತು? ನನ್ನ ತಂಗಿಗಾಗಿ ಮಳವಳ್ಳಿಯಲ್ಲಿ ಗಂಡಿನ ಮನೆ ನೋಡಲು ಹೋದೆವು. ನಾವೆಲ್ಲ ಹುಡುಗನ ಕೆಲಸ ವಿಚಾರಿಸುತ್ತಿದ್ದರೆ ಮಾವ ಮಲಗುವ ಕೋಣೆಯಲ್ಲಿ ಹೆಜ್ಜೆಯಿಟ್ಟು ಅಳೆಯುತ್ತಿದ್ದ. ಹೊರಗೆ ಬಂದು, "ಉಣ್ಣಕ್ಕೇನೋ ಸಾಕು. ಸಂಸಾರಕ್ಕೆ ಇಕ್ಕಟ್ಟಾಯ್ತದೆ. ಆ ಗೋಡೆ ಒಡೆಸ್ಬುಡಿ" ಅಂದ. ಗಂಡಿನ ತಂದೆ ಕಾಫಿ ಲೋಟ ಕೆಳಗಿಟ್ಟರು. ನಮ್ಮವ್ವ ತಮ್ಮನ ತೋಳು ಹಿಡಿದು ಬೀದಿಗೆ ಎಳೆದುಕೊಂಡು ಹೋದಳು. ಹೇಗೋ ಮದುವೆಯಾಯಿತು. ಗೋಡೆ ಒಡೆಯದೆಯೇ ತಂಗಿಗೆ ಅವಳಿ ಮಕ್ಕಳಾದವು. "ಅದೆಂಗಾಯ್ತೋ ನಂಗೊತ್ತಿಲ್ಲ ಬುಡು" ಅನ್ನುತ್ತಾನೆ ಮಾವ, ಈಗಲೂ.

ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬಸರಾಳಿನಿಂದ ಮಂಡ್ಯದ ನನ್ನ ಮನೆಗೆ ಕರೆತಂದೆ. ದೊಡ್ಡ ಹಜಾರ, ಉದ್ದನೆಯ ಊಟದ ಮೇಜು. ಅವ್ವ ಎರಡು ತುತ್ತು ತಿಂದು ಏಳುತ್ತಿದ್ದಳು. ಕಾಯಿಲೆ ಏನೂ ಇಲ್ಲ ಅಂದರು ಡಾಕ್ಟರು. ಅವಳು ಮಾತ್ರ ದಿನೇದಿನೇ ಸೊರಗುತ್ತಿದ್ದಳು. ನನಗೆ ಭಯವಾಯಿತು. ಮಾವನಿಗೆ ಫೋನು ಮಾಡಿದೆ.

ಬಂದವನು ಹಜಾರದಲ್ಲಿ ಒಂದು ಸುತ್ತು ಹಾಕಿದ. "ಜಾಗ ದೊಡ್ಡದಾಯ್ತು ಕಣ್ಲಾ."

ನನಗೆ ಸಿಟ್ಟು ಬಂತು. "ಅವ್ವ ಹಾವಲ್ಲ ಮಾವ."

"ನಾನೇನು ಹಂಗಂದ್ನಾ? ಬಸರಾಳಲ್ಲಿ ಅಕ್ಕ ಎಲ್ಲಿ ಕುಂತು ಉಣ್ತಿದ್ಲು, ಹೇಳು."

ಒಲೆ ಪಕ್ಕದ ಮೂಲೆಯಲ್ಲಿ, ಅಕ್ಕಿ ಮೂಟೆಗೆ ಒರಗಿಕೊಂಡು, ಅಂದೆ. ಇಷ್ಟು ದಿನ ಅದು ನನ್ನ ನೆನಪಿಗೇ ಬಂದಿರಲಿಲ್ಲ.

ಮಾವ ಅಡುಗೆಮನೆಯ ಮೂಲೆಗೆ ಅಕ್ಕಿ ಮೂಟೆ ಎಳೆದ. ಮಣೆ ಹಾಕಿ, ಅವ್ವನನ್ನು ಕೂರಿಸಿ, ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದ. ಆಮೇಲೆ ಬಾಗಿಲಲ್ಲಿ ಅವಳಿಗೆ ಬೆನ್ನು ಹಾಕಿ ಕೂತ. ನಾನು ಇಣುಕಿದೆ.

"ಉಣ್ಣೋವಾಗ ನೋಡ್ಬಾರ್ದು ಕಣ್ಲಾ. ಅತ್ಲಾಗೆ ತಿರುಕ್ಕೋ."

ಇಬ್ಬರೂ ಗೋಡೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ಅವ್ವನ ದನಿ ಬಂತು.

"ಲೋ, ಇನ್ನರ್ಧ ಮುದ್ದೆ ಇಕ್ಕು."

ಮಾವ ಏಳಲಿಲ್ಲ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದ. ನಾನೇ ಎದ್ದು ಹೋಗಿ ಬಡಿಸಿದೆ, ಅವ್ವನ ಕಡೆ ನೋಡದೆ.