ಕರೆಗುಡ್ಡದ ಕಲ್ಲುಬೆಂಚಿನ ಮಹಾಸಮರ

ಯಾವ ಯುಗದಲ್ಲಿ ಅರ್ಜಿಗಳು ಮನುಷ್ಯರಿಗಿಂತ ದೀರ್ಘಾಯುಷಿಗಳಾಗಿದ್ದವೋ, ಯಾವ ಯುಗದಲ್ಲಿ ಕರಿಕೋಟೇ ಕವಚವಾಗಿ, ರಬ್ಬರ್ ಮೊಹರೇ ಬ್ರಹ್ಮಾಸ್ತ್ರವಾಗಿ ಮೆರೆಯುತ್ತಿದ್ದವೋ, ಆ ಯುಗಕ್ಕೆ ಮೊದಲು ಕೈಮುಗಿದು, ಪ್ರತಿವಾದಿ-ಗಜ-ಮದಭಂಜನನೂ ನ್ಯಾಯಾಲಯಾಂಗಣ-ಕೇಸರಿಯೂ ಆಗಿದ್ದು ಬಳಿಕ ಶಾಸಕನಾದ ವಕೀಲ ಅಂದಾನೆಪ್ಪ ಗುಳೇದನ ಚರಿತೆಯನ್ನು ಹೇಳುತ್ತೇನೆ. ಎಲೆ ವಾಗ್ದೇವಿ, ಸ್ವಲ್ಪ ಹೊತ್ತು ನನ್ನ ನಾಲಿಗೆಯ ಮೇಲೆ ಕುಳಿತಿರು. ಇದು ಕೂರುವ ಜಾಗದ ಕಥೆಯೇ.

ಕರೆಗುಡ್ಡದ ತಾಲ್ಲೂಕು ನ್ಯಾಯಾಲಯದಲ್ಲಿ ಆತ ಇಪ್ಪತ್ತೆರಡು ವರ್ಷ ವಾದಿಸಿದ. ಆತ ಗಂಟಲು ಸರಿಪಡಿಸಿಕೊಂಡರೆ ಸೂರಿನ ಪಾರಿವಾಳಗಳು ಎದುರಿನ ಕಚೇರಿಗೆ ವಲಸೆ ಹೋಗುತ್ತಿದ್ದವು. ಆದರೆ ಅಂಗಳದಲ್ಲಿ ಕಕ್ಷಿದಾರರು ಕೂರಲು ಒಂದು ಬೆಂಚೂ ಇರಲಿಲ್ಲ. ಇದ್ದ ಒಂದೇ ಬೇವಿನ ಮರದ ನೆರಳನ್ನು ವಕೀಲರ ಬೈಕುಗಳು ಆಕ್ರಮಿಸಿದ್ದವು. ಹಿತ್ತಲ ಗೋಡೆಗಾಗಿ ಮೈದುನನ ಮೇಲೆ ದಾವೆ ಹೂಡಿದ್ದ ಹೊನ್ನವ್ವ ಎಂಬ ಮುದುಕಿ ಒಂಬತ್ತು ವರ್ಷದಿಂದ ಪ್ರತಿ ತಾರೀಖಿಗೂ ಅಲ್ಲಿ ನಿಂತೇ ಕಾಯುತ್ತಿದ್ದಳು. ಒಂದು ವೈಶಾಖದ ಮಧ್ಯಾಹ್ನ ತಲೆಸುತ್ತಿ ಬಿದ್ದಳು. ಅಂದಾನೆಪ್ಪ ನೀರು ಕುಡಿಸಿ, ಅವಳದೇ ಫೈಲಿನಿಂದ ಗಾಳಿ ಬೀಸಿದ.

ಆಕೆ ಕಣ್ಣು ತೆರೆದು ಅಂದಳು: “ಗ್ವಾಡಿ ಸಿಗಲಿಲ್ಲಂದ್ರ ಇರ್ಲಿ ವಕೀಲ್ರ. ಕುಂದ್ರಾಕ ಒಂದೀಟು ಜಾಗ ಕೊಡಸ್ರಿ.”

ಸಾವಿರ ಪಾಟೀಸವಾಲುಗಳಿಗೂ ಅಲುಗದ ಆ ವಜ್ರಹೃದಯ ಅಲ್ಲೇ ಬಿರುಕುಬಿಟ್ಟಿತು. ಈ ಅಂಗಳಕ್ಕೆ ಬೆಂಚು ಬರುವ ತನಕ ತಾನೂ ಇಲ್ಲಿ ಕೂರುವುದಿಲ್ಲವೆಂದು ಆತ ಪ್ರತಿಜ್ಞೆ ಮಾಡಿದ. ಎರಡು ವರ್ಷ ನಿಂತ. ಕಾಲು ಬಾತವು, ಹೆಂಡತಿ ದಿನವೂ ಬಿಸಿನೀರು ಕಾಯಿಸಿಟ್ಟು ಬೈದಳು. ಹೀಗೆ ನಿಂತು ನಿಂತು ಅಭ್ಯಾಸವಾಗಿದ್ದ ಆತ ಚುನಾವಣೆಗೂ ನಿಂತ. ಮುನ್ನೂರ ಹನ್ನೆರಡು ಮತಗಳಿಂದ ಗೆದ್ದ.

ವಿಧಾನಸಭೆಯೆಂಬ ಕುರುಕ್ಷೇತ್ರದಲ್ಲಿ ಆತ ಎದ್ದು ನಿಂತು ಬೆಂಚು ಕೇಳಿದಾಗ, ಕಟ್ಟಡಗಳ ಮಂತ್ರಿ ತನ್ನ ಬತ್ತಳಿಕೆಯಿಂದ ‘ಪರಿಶೀಲನೆಯಲ್ಲಿದೆ’ ಎಂಬ ಅಸ್ತ್ರವನ್ನು ಪ್ರಯೋಗಿಸಿದರು. ಅದು ಯಾರನ್ನೂ ಕೊಲ್ಲುವುದಿಲ್ಲ, ಮಲಗಿಸುತ್ತದೆ. ಎರಡು ಅಧಿವೇಶನ ಅದಕ್ಕೇ ಬಲಿಯಾದವು. ಮೂರನೆಯದರಲ್ಲಿ ಸಭಾಧ್ಯಕ್ಷರು ಕುಳಿತುಕೊಳ್ಳಿ ಎಂದು ಗಂಟೆ ಬಾರಿಸಿದಾಗ ವೀರನು ಘರ್ಜಿಸಿದ:

“ಮಾನ್ಯ ಅಧ್ಯಕ್ಷರೇ, ಸಹ್ಯಾದ್ರಿ ಕುಸಿದು ಕೂತರೂ ಈ ಅಂದಾನೆಪ್ಪ ಕೂರುವವನಲ್ಲ. ಅಲ್ಲಿ ನನ್ನ ಕಕ್ಷಿದಾರಳು ನಿಂತಿದ್ದಾಳೆ.”

ನಾಲ್ಕು ತಾಸು ನಿಂತ. ಆತನ ಬೆನ್ನ ಹಿಂದೆ ಕುಳಿತಿದ್ದ ಸದಸ್ಯರೊಬ್ಬರಿಗೆ ಟಿವಿ ಕ್ಯಾಮೆರಾದಲ್ಲಿ ತಮ್ಮ ಮುಖ ಕಾಣುತ್ತಿಲ್ಲವೆಂಬ ದುಃಖ ಉಮ್ಮಳಿಸಿತು. ಅವರು ಮಂತ್ರಿಯ ಬಳಿಗೆ ಹೋಗಿ, ಆ ಮಹಾರಾಯನಿಗೊಂದು ಬೆಂಚು ಕೊಟ್ಟುಬಿಡಿ ಎಂದು ಅಂಗಲಾಚಿದರು. ಇಂತು ಧರ್ಮಕ್ಕೆ ಜಯವಾಯಿತು: ಐದಡಿಯ ಕಲ್ಲುಬೆಂಚು ಒಂದು ಮಂಜೂರು.

ಉದ್ಘಾಟನೆಯ ದಿನ ಮಧ್ಯಾಹ್ನ ಅಂದಾನೆಪ್ಪ ಬಂದು ನೋಡುತ್ತಾನೆ: ಶಾಸಕರನ್ನು ಮೆಚ್ಚಿಸಲೆಂದು ಎಂಜಿನಿಯರು ಬೈಕುಗಳನ್ನು ತೆರವು ಮಾಡಿಸಿ, ಬೇವಿನ ತಂಪು ನೆರಳಿನಲ್ಲಿ ಏಳಡಿಯ ನಾಮಫಲಕವನ್ನೂ ಅದಕ್ಕೊಂದು ಅಗಲವಾದ ಕಟ್ಟೆಯನ್ನೂ ಕಟ್ಟಿಸಿದ್ದ. ಉಳಿದ ಬಿಸಿಲಿನಲ್ಲಿ ಬೆಂಚಿತ್ತು. ಜಯಘೋಷಗಳ ನಡುವೆ ವೀರನು ಐದು ವರ್ಷಗಳ ಪ್ರತಿಜ್ಞೆಯನ್ನು ಮುಗಿಸಿ ಬೆಂಚಿನ ಮೇಲೆ ಆಸೀನನಾದ. ಆಸೀನನಾದ ವೇಗದಲ್ಲೇ ಎದ್ದ. ಕಲ್ಲು ರೊಟ್ಟಿಯ ಹಂಚಿನಂತೆ ಕಾದಿತ್ತು. ಶಾಸಕರ ವಿನಯವನ್ನು ಕಂಡು ಜನ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಹೊನ್ನವ್ವ ನಾಮಫಲಕದ ಕಟ್ಟೆಯ ಮೇಲೆ ಕೂತು, ಆತನ ಹೆಸರಿಗೆ ಬೆನ್ನು ಆನಿಸಿ, ಕಾಲು ಚಾಚಿದ್ದಳು. ಶಾಸಕರ ಹೆಸರು ಮುಚ್ಚಿಹೋಯಿತೆಂದು ಎಂಜಿನಿಯರು ಅವಳನ್ನು ಎಬ್ಬಿಸಲು ಓಡಿದ. ಅಂದಾನೆಪ್ಪ ಅವನ ತೋಳು ಹಿಡಿದು ನಿಲ್ಲಿಸಿದ.

“ಇಲ್ಲಿ ತಂಪೈತ್ರಿ ವಕೀಲ್ರ,” ಎಂದಳು ಹೊನ್ನವ್ವ. “ಸರೀತೀನಿ, ಬರ್ರಿ.”

ಆತ ಹಾರವನ್ನು ತೆಗೆದು ಪಕ್ಕಕ್ಕಿಟ್ಟು ಹೋಗಿ ಕೂತ. ಬಾತ ಕಾಲುಗಳನ್ನು ನೀಡಿಕೊಂಡು ದೀರ್ಘವಾಗಿ ಉಸಿರುಬಿಟ್ಟ. ಎರಡು ಬೆನ್ನುಗಳು ಮುಚ್ಚಿದ ಆ ಹೆಸರಿನಲ್ಲಿ ಇನ್ನೂ ಕಾಣುತ್ತಿದ್ದುದು ‘ಶ್ರೀ’ ಎಂಬ ಒಂದಕ್ಷರ ಮಾತ್ರ.

ಮೂರು ಅಧಿವೇಶನಗಳನ್ನು ನಡುಗಿಸಿದ ಆ ವಿಜಯಪೀಠದ ಮೇಲೆ ಮರುದಿನ ಕ್ಯಾಂಟೀನಿನ ಶಾಂತವೀರಮ್ಮ ಸಂಡಿಗೆ ಹಾಕಿದಳು. ಎರಡು ದಿನ ಬೇಕಾಗುವ ಸಂಡಿಗೆ ಸಂಜೆಯೊಳಗೇ ಒಣಗಿತು.