‘ಇದ್ದೇನೆ’ ಅನ್ನುವವರ ಪಿಂಚಣಿ

ಪಿಂಚಣಿಯ ದಿನ ಮಂಜು ಬಿದ್ದರೆ ಏನಾದರೂ ಒಂದು ಆಗದೆ ಇರುತ್ತಿರಲಿಲ್ಲ. ಕೊಡಗು ಬೇರೆ ರಾಜ್ಯವಾಗಿದ್ದಾಗಿನ ಮಾತು. ಗಾಳಿಬೀಡಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಕಾವಲಿಗಿದ್ದೆ, ನನ್ನವಳು ಹಣ್ಣು ಕೊಯ್ಯುತ್ತಿದ್ದಳು. ವಯಸ್ಸಾದ ಮೇಲೆ ಇಬ್ಬರಿಗೂ ಸಾಹುಕಾರರು ಪಿಂಚಣಿ ಕೊಟ್ಟರು. ಅದಕ್ಕೆ ಸರ್ಕಾರದ ಕಾನೂನು ಏನೂ ಇರಲಿಲ್ಲ. ಸಾಹುಕಾರರು ಹೇಳಿದ್ದೇ ರೂಲು. ತಿಂಗಳಿಗೊಮ್ಮೆ ಖುದ್ದು ಬಂದು ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಬೇಕು. ಲೆಕ್ಕ ಬರೆಯುವ ರೈಟರು ಆಫೀಸಿನ ಜಗಲಿಯಿಂದ ಹೆಸರು ಕೂಗುತ್ತಾರೆ. ‘ಇದ್ದೇನೆ’ ಅನ್ನಬೇಕು. ಸತ್ತವರ ಹೆಸರು ಹೊಡೆದು ಹಾಕುತ್ತಾರೆ.

೧

ಮೊದಲನೇ ದಿನ ರೈಟರು ರೂಲು ಓದಿದರು. ‘ಪಿಂಚಣಿ ಸಾಯುವ ತನಕ. ಬಿಡುವವರು ಒಂದು ತಿಂಗಳು ಮುಂಚೆ ನೋಟೀಸು ಕೊಡಬೇಕು.’

ನನ್ನವಳು ಕೇಳಿದಳು, ‘ಸಾಯುವವರೂ ಕೊಡಬೇಕಾ ರೈಟರೇ?’

ರೈಟರು ಕಾಗದ ತಿರುಗಿಸಿ ನೋಡಿದರು. ‘ಹಾಗೇ ಕಾಣ್ತದೆ.’

‘ಕೊಡದೆ ಸತ್ತರೆ?’

‘ಆಫೀಸಿಗೆ ಬಂದು ಕಾರಣ ಹೇಳಬೇಕು.’

೨

ಬಂಗಲೆಯ ಮುದಿ ಅಡಿಗೆಯವನನ್ನು ಅವನ ಹೆಂಡತಿ ಕಂಬಳಿ ಸುತ್ತಿ, ಕುರ್ಚಿಯಲ್ಲಿ ಹೊರಿಸಿಕೊಂಡು ಬಂದಳು. ಹೆಸರು ಕೂಗಿದರೆ ಮಾತಿಲ್ಲ. ರೈಟರು ಇಳಿದು ಬಂದು ಕೈ ಮುಟ್ಟಿದರು.

‘ತಣ್ಣಗಿದೆಯಲ್ಲಮ್ಮ.’

‘ಮಂಜಲ್ವಾ ರೈಟರೇ.’

ಮೂಗಿನ ಹತ್ತಿರ ಬೆರಳು ಹಿಡಿದರು. ಉಸಿರು ಸಿಗಲಿಲ್ಲ. ಹೆಂಡತಿ ಅಳಲು ಸುರು ಮಾಡಿದಳು. ನಾವೆಲ್ಲ ತಲೆಯ ಬಟ್ಟೆ ತೆಗೆದೆವು. ರೈಟರು ಅಲ್ಲೇ ನಿಂತು ಹೆಸರಿನ ಮೇಲೆ ಗೀಟು ಎಳೆದರು.

ಕಂಬಳಿಯೊಳಗಿಂದ ಒಂದು ಕೈ ಬಂದು ಅವರ ಮಣಿಕಟ್ಟು ಹಿಡಿಯಿತು.

ರೈಟರು ಕಿರುಚಿ, ಕೈ ಕಿತ್ತುಕೊಂಡು ಓಡಿದರು. ಮುದುಕ ಹಿಂದಿನಿಂದ ಕೂಗಿದ, ‘ಗೀಟು ಅಳಿಸಿ ಓಡಿ ರೈಟರೇ!’

೩

ಮಳೆಗಾಲ ಮುಗಿಯುವಾಗ ನನ್ನವಳು ಹೋದಳು. ಮಣ್ಣಿಗೆ ರೈಟರೂ ಬಂದಿದ್ದರು.

ಮುಂದಿನ ಪಿಂಚಣಿಗೆ ಒಬ್ಬನೇ ಹೋದೆ. ಅವಳ ಫೋಟೋ ಇಲ್ಲ. ಮಕ್ಕಳಿಲ್ಲ. ಅವಳ ಹೆಸರು ಬರೆದದ್ದು ಅಂತ ಇದ್ದದ್ದು ರೈಟರ ಪುಸ್ತಕದಲ್ಲಿ ಮಾತ್ರ. ಅದನ್ನೂ ಇವತ್ತು ಹೊಡೆಯುತ್ತಾರೆ.

ಮಂಜಿನಲ್ಲಿ ಪಕ್ಕದವನೂ ಕಾಣುತ್ತಿರಲಿಲ್ಲ. ರೈಟರು ನನ್ನ ಹೆಸರು ಕೂಗಿದರು. ‘ಇದ್ದೇನೆ’ ಅಂದೆ. ರೂಢಿ ನೋಡಿ, ಅದರ ಹಿಂದೆಯೇ ಅವಳದ್ದನ್ನೂ ಕೂಗಿಬಿಟ್ಟರು.

ನಾನು ಬಾಯಿ ಬಿಡಲಿಲ್ಲ.

‘ಇದ್ದೇನೆ.’

ಕಾಫಿ ಗಿಡಗಳ ಕಡೆಯಿಂದ ಬಂತು. ಅವಳದೇ ಸ್ವರ. ಕೊನೆಗೆ ಅವಳದೇ ಸಣ್ಣ ಕೆಮ್ಮು.

‘ಯಾರದು ತಮಾಷೆ?’ ಅಂದರು ರೈಟರು. ನಾನು ಜಗಲಿಯ ಹತ್ತಿರ ಹೋದೆ.

‘ಹೊಡೆದು ಹಾಕ್ತೀರಾ ರೈಟರೇ?’ ಕೇಳಿದೆ.

‘ಇದ್ದೇನೆ ಅಂದವರನ್ನ ಹೊಡೆಯೋ ಹಾಗಿಲ್ಲ ಮಾರಾಯ. ರೂಲು.’ ಅವಳ ದುಡ್ಡನ್ನೂ ನನ್ನ ಕೈಗೇ ತುರುಕಿದರು.

‘ಅವಳೇ ಖುದ್ದು ಬಂದು ತಗೋಬೇಕಲ್ಲ?’

‘ಖುದ್ದು ಬೇಡ!’ ರೈಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅಲ್ಲಿಂದಲೇ ಕೂಗಿದರು. ‘ದುಡ್ಡು ತಗೊಂಡು ಹೋಗು! ಅವಳನ್ನೂ ಕರಕೊಂಡು ಹೋಗು!’

ಕರಕೊಂಡು ಬಂದೆ.